ಮಹಡಿಯ ಮೇಲೆ ಆಡದೇ ಉಳಿದ ಮಾತು

ಗದಗ, ಮಾಘ ಮಾಸ, ೨೧೩೮ನೆಯ ಇಸವಿ

ಶಾಲ್ಮಲಜ್ಜಿಯವರಿಗೆ ನಮಸ್ಕಾರಗಳು.

ನಾನು ಬರೆಯುತ್ತಿರುವುದು ಇನ್ನೂ ಮೂವತ್ತು ತುಂಬದ ಅಂದಿನ ನಿಮಗೆ; ಅಜ್ಜಿ ಎಂದು ಕರೆಯುತ್ತಿರುವುದಕ್ಕೆ ಕ್ಷಮಿಸಿ. ನಾನು ಹಂಸಾ, ನಿಮ್ಮ ತಂಗಿಯ ಮರಿಮಗಳು. ನಮ್ಮ ಕಾಲದಲ್ಲಿ ಗತಿಸಿದ ಹಿರಿಯರಿಗೆ ಕಾಗದ ಬರೆದು ಮನೆಮಂದಿಯ ಮುಂದೆ ಓದುವ ರೂಢಿಯಿದೆ. ಅದನ್ನು ಹಿಂದೋಲೆ ಎನ್ನುತ್ತೇವೆ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರ ಅನ್ನಿಸಬಹುದು. ಸಾವಕಾಶ ಓದಿ.

ನಾನಿರುವುದು ಜೊತೆಮನೆಯಲ್ಲಿ. ಇಲ್ಲಿರುವ ನಾವೆಲ್ಲ ಬೇರೊಲವಿನವರು. ಕೆಲವರಿಗೆ ದೇಹದ ಬಯಕೆ ಹುಟ್ಟುವುದಿಲ್ಲ, ಕೆಲವರಿಗೆ ಪ್ರೇಮದ ಸೆಳೆತವಿಲ್ಲ, ನನ್ನಂಥವರಿಗೆ ಎರಡೂ ಇಲ್ಲ. ಬೇರೊಲವಿನವರಲ್ಲಿ ಮದುವೆಯಾದವರೂ ಇದ್ದಾರೆ, ಒಬ್ಬರೇ ಇರುವವರೂ ಇದ್ದಾರೆ. ನಮಗೆ ಕೂಡಿ ಇರುವುದು ಹಿಡಿಸಿತು. ಬೆಳಿಗ್ಗೆ ಅಂಗಳದ ಬಿಸಿಲೊಲೆಯಲ್ಲಿ ರೊಟ್ಟಿ ಬೇಯುತ್ತದೆ, ಪಲ್ಯಕ್ಕೆ ಖಾರ ಹೆಚ್ಚಾಯಿತೆಂದು ಜಗಳವಾಗುತ್ತದೆ. ಯಾರಿಗಾದರೂ ಜ್ವರ ಬಂದರೆ ಹಣೆಯ ಒದ್ದೆ ಬಟ್ಟೆ ಬದಲಿಸಲು ಪಕ್ಕದಲ್ಲಿ ಒಬ್ಬರು ಕೂತಿರುತ್ತಾರೆ. ಆಸ್ಪತ್ರೆಯಲ್ಲಿ ಇವರು ನಿಮಗೇನಾಗಬೇಕೆಂದು ಕೇಳಿದರೆ ಜೊತೆಗಾರರು ಎಂದರೆ ಸಾಕು, ಒಳಗೆ ಬಿಡುತ್ತಾರೆ.

ಈಚೆಗೆ ಗಂಗಾಂಬಿಕೆ ಎಂಬವಳು ನಮ್ಮ ಮನೆಗೆ ಬಂದು ಸೇರಿದಳು. ಒಂದು ಮಧ್ಯಾಹ್ನ ಊಟ ಮಾಡುತ್ತ ತಮ್ಮ ಮನೆಯ ಹಿರಿಯರೊಬ್ಬರ ಕಥೆ ತೆಗೆದಳು.

"ನಮ್ಮ ಅಜ್ಜನ ಕಾಕಾ, ವಿರೂಪಾಕ್ಷಪ್ಪ ಅಂತ. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಾಗ ಇದ್ರು. ಗದಗಿಗೆ ಒಂದು ಹೆಣ್ಣು ನೋಡಾಕ ಬಂದಿದ್ರಂತ. ಭೂಗೋಳ ಕಲಿಸೋ ಟೀಚರ್."

ಆ ಟೀಚರ್ ನೀವೇ. ನಿಮ್ಮ ಹೆಸರನ್ನು ನಾನೇ ಹೇಳಿದೆ.

ಆ ದಿನದ ನಿಮ್ಮ ಪಾಲಿನ ಕಥೆಯನ್ನು ನನಗೆ ಹೇಳಿದವರು ನನ್ನ ಅಜ್ಜಿ ನೀಲಾ, ನಿಮ್ಮ ತಂಗಿಯ ಮಗಳು. ಹಿರಿಯರು ನಿಮ್ಮನ್ನೂ ವಿರೂಪಾಕ್ಷಪ್ಪನವರನ್ನೂ ಮಾತಾಡಿಕೊಳ್ಳಲೆಂದು ಮಹಡಿಗೆ ಕಳಿಸಿದ್ದರು.

"ನಿಮಗ ಮಳಿ ಸೇರ್ತದೇನ್ರಿ?" ಎಂದು ಅವರು ಕೇಳಿದರು.

"ಸೇರ್ತದ್ರಿ. ಆದ್ರ ಇಲ್ಲೆಲ್ಲಿ ಬರ್ತದ?" ಎಂದಿರಿ ನೀವು.

ಇಬ್ಬರೂ ನಕ್ಕಿರಿ. "ಗಂಡ ಬೇಕು ಅಂತ ನನಗ ಯಾವತ್ತೂ ಅನಿಸಿಲ್ರಿ" ಎಂದು ಹೇಳಿಬಿಡಬೇಕೆಂದೇ ಮಹಡಿ ಹತ್ತಿದ್ದಿರಿ. ಬಾಯಿ ಬರಲಿಲ್ಲ. ಇಷ್ಟು ಒಳ್ಳೆಯ ಮನುಷ್ಯನನ್ನು ಕಟ್ಟಿಕೊಂಡು ಅನ್ಯಾಯ ಮಾಡಬಾರದೆಂದು ಕೆಳಗಿಳಿದು ಬೇಡವೆಂದಿರಿ. ಗಂಗಾಂಬಿಕೆ ಹೇಳಿದ ಮೇಲೆಯೇ ನಮಗೆ ತಿಳಿದದ್ದು: ಅವರೂ ಅದೇ ಮಾತನ್ನು ರೈಲಿನುದ್ದಕ್ಕೂ ಮನಸ್ಸಿನಲ್ಲಿ ಹೊಂದಿಸಿಕೊಂಡು ಬಂದಿದ್ದರು. ಅವರೂ ಹೇಳಲಿಲ್ಲ. ಅದೇ ಕಾರಣಕ್ಕೆ ಅವರೂ ಬೇಡವೆಂದರು.

ಮುಂದೆ ನಿಮ್ಮನ್ನು ಬಂಧುಗಳು ಸೊಕ್ಕಿನಾಕಿ ಎಂದರು. ವಿರೂಪಾಕ್ಷಪ್ಪನವರು ಖಾನಾವಳಿಯಲ್ಲಿ ಒಬ್ಬರೇ ಉಂಡು ನೌಕರಿ ಮುಗಿಸಿದರು. ನಿಮ್ಮಂಥವರಿಗೆ ಆಗಲೂ ಹೆಸರಿತ್ತು, ದೊಡ್ಡ ಊರುಗಳಲ್ಲಿ ಗೆಳೆಯರ ಕೂಟಗಳೂ ಇದ್ದವು. ನಿಮ್ಮ ಓಣಿಯ ತನಕ ಬಂದಿರಲಿಲ್ಲ, ಅಷ್ಟೆ. ನಿಮಗೆ ಎಪ್ಪತ್ತು ದಾಟಿದ ಮೇಲೆ ನೀಲಾ ಅಜ್ಜಿ ಅದನ್ನೆಲ್ಲ ಬಿಡಿಸಿ ಹೇಳಿದರು. ನೀವು, "ಅಂದ್ರ ನನಗ ಏನೂ ಕಮ್ಮಿ ಇರಲಿಲ್ಲ?" ಎಂದು ಕೇಳಿದಿರಂತೆ. ಆಮೇಲೆ, "ಹುಬ್ಬಳ್ಳಿಯ ಆ ಮನುಷ್ಯಾ ಈಗ ಹ್ಯಾಂಗದಾನೋ" ಎಂದಿರಿ. ತಪ್ಪಿದ ಸಂಬಂಧದ ನೆನಪೇನೋ ಎಂದುಕೊಂಡು ಅಜ್ಜಿ ವಿಚಾರಿಸಲು ಹೋಗಲಿಲ್ಲ.

ಆಗ ವಿರೂಪಾಕ್ಷಪ್ಪನವರು ಬದುಕಿದ್ದರು. ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ, ಅಣ್ಣನ ಮಗನ ಮನೆಯಲ್ಲಿ. ಆಟೋ ಹತ್ತಿದ್ದರೆ ಚಹಾದ ಹೊತ್ತಿಗೆ ಮುಟ್ಟುತ್ತಿದ್ದಿರಿ.

ಅದೇ ಊರಿನಲ್ಲಿ ನಾವಿಷ್ಟು ಜನ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತೇವೆ. ತುತ್ತು ಎತ್ತುವಾಗ ಕೆಲವೊಮ್ಮೆ ನನಗೆ ನಾಚಿಕೆಯಾಗುತ್ತದೆ. ಈ ಕಾಗದ ನಿಮ್ಮನ್ನು ಮುಟ್ಟುವುದಿಲ್ಲವೆಂದು ಬಲ್ಲೆ. ನಿಮ್ಮ ಕಾಲದ ಬೇರೆ ಯಾರಾದರೂ ಓದಿದರೆ ಅವರಲ್ಲೊಂದು ಕೋರಿಕೆ: ಎದುರಿಗಿರುವವರು ಮೊದಲು ಹೇಳಲಿ ಎಂದು ಕಾಯಬೇಡಿ. ಅವರೂ ಕಾಯುತ್ತಿರಬಹುದು.

ಇಂತಿ ನಿಮ್ಮ ಮನೆಯ ಹುಡುಗಿ,
ಹಂಸಾ