ಡೇರಿ ರಸ್ತೆಗೆ ಎರಡು ಸೀಟಿ

ಬಂಗಾರಪೇಟೆಯ ಮಾನ್ಯ ಸಬ್ ಇನ್‌ಸ್ಪೆಕ್ಟರ್ ಅವರಿಗೆ ನಮಸ್ಕಾರಗಳು.

ತಾವು ರಚಿಸಿದ ಗ್ರಾಮ ಗಸ್ತು ಸಮಿತಿಗೆ ಅಧ್ಯಕ್ಷನಾಗಲು ಒಪ್ಪುತ್ತೇನೆ. ನಮ್ಮೂರಿನ ಹುಡುಗ ಸುಧಾಕರನನ್ನೂ ಸದಸ್ಯನನ್ನಾಗಿ ಸೇರಿಸಬೇಕೆಂಬುದು ನನ್ನ ಷರತ್ತು.

ಹಾಲಿನ ಕ್ಯಾನು ಹಿಡಿದು ಡೇರಿಗೆ ಹೊರಟಿದ್ದ ನನ್ನ ಮಗ ಅಂಬರೀಶ, ವೀಲಿಂಗ್ ಮಾಡುತ್ತಿದ್ದ ಸುಧಾಕರನ ಬೈಕು ಗುದ್ದಿಯೇ ತೀರಿಕೊಂಡನೆಂದು ಊರವರು ಆಕ್ಷೇಪಿಸುತ್ತಾರೆ. ಆಕ್ಷೇಪ ಸತ್ಯ. ಅದರಿಂದ ಅವನು ಗಸ್ತಿಗೆ ಬೇಡವೆಂದು ಅವರು ತಲುಪಿದ ತೀರ್ಮಾನವನ್ನು ನಾನು ಒಪ್ಪುವುದಿಲ್ಲ.

ನಿನ್ನೆ ಸಂಜೆ ಡೇರಿಯ ಮುಂದೆ ಮತ್ತೊಬ್ಬ ಹುಡುಗ ಬೈಕಿನ ಮುಂಚಕ್ರ ಎತ್ತಿದಾಗ ಹಿರಿಯರಾದ ನಾವ್ಯಾರೂ ಕದಲಲಿಲ್ಲ. ಸುಧಾಕರನೊಬ್ಬನೇ ಅಡ್ಡ ನಿಂತು, "ಚಕ್ರ ಇಳಿಸ್ಲಾ! ನನ್ನಿಂದ ಒಂದ್ ಮನೆ ಹಾಳಾಗಿದ್ದು ಸಾಲ್ದೇನ್ಲಾ?" ಎಂದು ಕೂಗಿದ. ಬೈಕು ನಿಂತಿತು.

ದಯವಿಟ್ಟು ಎರಡು ಸೀಟಿಗಳನ್ನು ನನ್ನ ವಿಳಾಸಕ್ಕೇ ಕಳುಹಿಸಿ. ಅವನೊಡನೆ ನಾನಿನ್ನೂ ಮಾತನಾಡಿಲ್ಲ. ಅವನ ಸೀಟಿಯನ್ನು ನಾನೇ ಕೊಡಬೇಕೆಂದಿದ್ದೇನೆ.

ತಮ್ಮ ವಿಶ್ವಾಸಿ,
ಮುನಿಸ್ವಾಮಪ್ಪ