ಕೆಂಪು ಪೆನ್ನಿನ ವೆರಿ ಗುಡ್

ರೀ,

ಊಟ ಮುಚ್ಚಿಟ್ಟು ಡ್ಯೂಟಿಗೆ ಹೊರಟೆ. ಕನ್ನಡಿ ಮೇಲೆ ನೀವು ಅಂಟಿಸಿರೋ ಇಂಗ್ಲಿಷ್ ಪದ ಓದಿದೆ. ‘ಪ್ರೊಕ್ರಾಸ್ಟಿನೇಷನ್ ಅಂದರೆ ಇವತ್ತಿನ ಕೆಲಸವನ್ನು ನಾಳೆಗೆ ತಳ್ಳುವುದು.’ ಇದನ್ನ ಕಲಿಯೋಕೆ ನಿಮಗೆ ಕ್ಲಾಸ್ ಬೇರೆ ಬೇಕಿತ್ತಾ?

ಊರವರ ನಲ್ಲಿಯೆಲ್ಲ ರಿಪೇರಿ ಮಾಡ್ತೀರಿ, ನಮ್ಮನೇದು ಆರು ತಿಂಗಳಿಂದ ಸೋರ್ತಿದೆ. ದೀಪದ ಬುಡದಲ್ಲೇ ಕತ್ತಲು. ನಿಮ್ಮ ಇಂಗ್ಲಿಷ್ ಕ್ಲಾಸಿನ ಟೀಚರಮ್ಮ ಫೋನ್ ಮಾಡಿದ್ರೆ ಮಾತ್ರ ಕಾಫಿ ಅರ್ಧಕ್ಕೇ ಬಿಟ್ಟು ಅವರ ನಲ್ಲಿ ಸರಿಮಾಡೋಕೆ ಓಡ್ತೀರಿ. ಮೋಟಿವೇಷನ್ ಅಂದ್ರೆ ಅದೇ ಇರಬೇಕು!

ಅವರು ನಿಮ್ಮ ನೋಟ್‌ಬುಕ್ಕಲ್ಲಿ ಕೆಂಪು ಪೆನ್ನಿಂದ ಬರೆದ ‘ವೆರಿ ಗುಡ್’ನ ಮೂರು ಸಲ ತೋರಿಸಿದ್ರಿ. ನನಗೇನೂ ಹೊಟ್ಟೆಕಿಚ್ಚಿಲ್ಲ ಬಿಡಿ.

ನಲ್ಲಿ ಕೆಳಗಿಟ್ಟಿರೋ ಬಕೆಟ್ ತುಂಬಿದ್ರೆ ಗಿಡಕ್ಕೆ ಸುರೀರಿ. ಹೊಸ ವಾಷರ್ ಕಿಟಕಿ ಮೇಲಿದೆ. ಸಂಜೆಯೊಳಗೆ ಸೋರೋದು ನಿಂತರೆ ನಾನೂ ವೆರಿ ಗುಡ್ ಬರೀತೀನಿ.

ಕೆಂಪು ಪೆನ್ನು ತಂದಾಗಿದೆ.