ಹಿಂದಿನ ಬೋಗಿಯಲ್ಲಿ ನೀವು

ರೀ,

ನಾನು ಕೆಲಸಕ್ಕೆ ಹೊರಟೆ. ಸಾರು ಫ್ರಿಜ್ಜಿನಲ್ಲಿದೆ, ಬಿಸಿ ಮಾಡಿಕೊಳ್ಳಿ. ಇಂಚರನ ರೂಮಿನ ಬಾಗಿಲು ಬಡಿಯಬೇಡಿ.

ಏಳು ತಿಂಗಳು ಮನೆಯಿಂದಾಚೆ ಕಾಲಿಡದ ಮಗಳಿಗೆ ಥೆರಪಿಸ್ಟ್ ಕೊಟ್ಟಿದ್ದು ಒಂದೇ ಕೆಲಸ: ಎಲ್‌ಆರ್‌ಟಿ ರೈಲಿನಲ್ಲಿ ಒಂದು ಸ್ಟಾಪು ಒಬ್ಬಳೇ ಹೋಗಿ ಬರೋದು. ನಿನ್ನ ಹಿಂದೆ ಬರಲ್ಲ ಅಂತ ಅವಳ ಕೈ ಹಿಡಿದು ಮಾತು ಕೊಟ್ಟಿರಿ. ನನ್ನ ಹತ್ತಿರ, ಮಾಮಕ್ ಅಂಗಡಿಗೆ ಟೀ ಕುಡಿಯೋಕೆ ಹೊರಟೆ ಅಂದಿರಿ. ಆಮೇಲೆ ಹಿಂದಿನ ಬೋಗಿ ಹತ್ತಿ, ಅವಳ ಬೆನ್ನಿನ ಫೋಟೋ ತೆಗೆದು, “ನಮ್ಮ ಇಂಚರ ಒಬ್ಬಳೇ ಹೊರಟಳು” ಅಂತ ಮೈಸೂರಿನವರ ಗ್ರೂಪಿಗೆ ಹಾಕಿದಿರಲ್ಲ, ಆ ಗ್ರೂಪಿನಲ್ಲಿ ಅವಳೂ ಇದ್ದಾಳೆ ರೀ!

“ಸೋ, ಒಬ್ಬಳೇ ಹೋಗ್ಲೇ ಇಲ್ವಾ ನಾನು?” ಅಂದಳು.

ನಿನ್ನೆ ಕುಣಿದುಕೊಂಡು ಥೆರಪಿಸ್ಟ್ ಕೊಟ್ಟ ಚಾರ್ಟಿಗೆ ಹಾಕಿದ್ದ ಟಿಕ್ಕನ್ನು ಬೆಳಿಗ್ಗೆ ತಾನೇ ಉಜ್ಜಿ ಅಳಿಸಿದ್ದಾಳೆ. ನೀವು ಮತ್ತೆ ಹಾಕೋಕೆ ಹೋಗಬೇಡಿ.